ದೀಪ ಹಚ್ಚಿದ ಮೇಲೆ ಉಪ್ಪಿನ ಹೆಸರು

ಜೇವರ್ಗಿ
ತಾ. 5-9-1938

ಹಿರೋಳ್ಳಿಯ ಬೀಗರಾದ ದೌಲತರಾಯರಿಗೆ ಚಂದ್ರಾಮಪ್ಪ ಮಾಡುವ ಶರಣು.

ಇತ್ತಕಡೆ ನಾವೆಲ್ಲ ಕ್ಷೇಮ. ಅತ್ತಕಡೆಯ ಕ್ಷೇಮ ಕೇಳುವುದು ರೂಢಿ ಖರೆ, ಈ ಸಲ ಕೇಳಂಗಿಲ್ಲ. ಇದ್ರ ಇರ್ರಿ.

ತೀರಿಹೋದ ನನ್ನ ಅಣ್ಣನ ಮಗಳು ಗೌರಾಬಾಯಿಯನ್ನು ನಿಮ್ಮ ಮಗ ಶಿವರಾಯನಿಗೆ ಕೊಟ್ಟಾವ ನಾನು. ಲಗ್ನದಾಗ ನಿಮ್ಮ ಕಡೆಯ ಮಂದಿ ಎಷ್ಟು ಹೋಳಿಗಿ ಉಂಡರು ಅನ್ನೋದು ಇನ್ನೂ ನಮ್ಮ ಓಣಿಯ ನಾಯಿಗಳಿಗೆ ಸುದ್ದಾ ನೆನಪದ, ಯಾಕಂದ್ರ ಅವುಕ್ಕ ಏನೂ ಉಳೀಲಿಲ್ಲ. ಅಂಥಾದ್ದರಾಗ ಮೊನ್ನೆ ಅದೇ ಶಿವರಾಯ ನಮ್ಮ ಹುಡುಗಿಯನ್ನು ಊರ ಅಗಸಿ ಬಾಗಲ ಮುಂದ ಬಂಡಿಯಿಂದ ಇಳಿಸಿ, ಒಂದು ಗಂಟು ಕೈಗಿಟ್ಟು, ಒಂದು ತಂಬಿಗಿ ನೀರೂ ಕುಡೀದೆ ಎತ್ತು ತಿರುವಿಕೊಂಡು ಹೋದ. ನಾನು ಹೊರಗ ಬರೋದರಾಗ ಬರೇ ಧೂಳು ಇತ್ತು. ಇದು ಮರ್ಯಾದಸ್ತರ ನಡತಿಯೇನು?

ಹುಡುಗಿಯನ್ನು ಕೇಳಿದರ, "ಹುಗ್ಗಿಗೆ ಉಪ್ಪು ಬಿತ್ತು ಕಾಕಾ" ಅಂತಾಳ. ಮುಂದ ತುಟಿ ಬಿಚ್ಚಂಗಿಲ್ಲ. ಉಳಿದದ್ದನ್ನು ಆಳಂದ ಸಂತಿಗೆ ಹೋಗಿಬಂದ ಮಂದಿ ಹೇಳಿದರು. ಶ್ರಾವಣದ ಕಡೇ ಸೋಮವಾರ ಸಂಜಿಮುಂದ ನಿಮ್ಮ ಮನಿಯಾಗ ಊಟ ಇತ್ತಂತ. ಕಂದಾಯದ ಗಿರದಾವರ ಸಲಾವುದ್ದೀನ ಸಾಹೇಬರು ಪಂಕ್ತಿಯಾಗ ಕೂತಿದ್ದರಂತ. ಗೋಧಿ ಹುಗ್ಗಿಯ ಎರಡನೇ ಸುತ್ತು ಬಾಯಿಗಿಟ್ಟ ಸಾಹೇಬರು ಕರವಸ್ತ್ರ ಹುಡುಕಿದರಂತ. ಮರುದಿನ ಜಿಡಗಾ ಮಠಕ್ಕ ಒಯ್ಯಬೇಕಾದ ಕೊಪ್ಪರಿಗಿ ಹುಗ್ಗಿಯನ್ನು ದನಕ್ಕ ಹಾಕಿದಿರಂತ, ದನವೂ ಒಲ್ಲೆ ಅಂದವಂತ.

ಆತು. ಹುಗ್ಗಿ ಕೆಟ್ಟಿತು. ಹುಗ್ಗಿ ಕೆಟ್ಟರ ಹುಗ್ಗಿ ಚೆಲ್ಲಬೇಕು, ಸೊಸಿಯನ್ನು ಚೆಲ್ಲತಾರೇನ್ರಿ? ನಾನು ಗಾಂವಠಿ ಸಾಲ್ಯಾಗ ಕಲಿತಾವ, ನಮ್ಮ ಮಾಸ್ತರರೇ ಕೆಲವೊಮ್ಮೆ ನನ್ನ ಕೇಳಿ ಪಾಠ ಹೇಳತಿದ್ದರು. ಎಂಥೆಂಥಾ ಮಂದಿಯ ಜಗಳ ಬಗೆಹರಿಸಿದಾವ ಅನ್ನೋದು ಸುತ್ತ ಹಳ್ಳಿಗೆ ಗೊತ್ತದ. ದಸರೆಯೊಳಗ ಬಂಡಿ ಕಳಿಸಿ ಹುಡುಗಿಯನ್ನು ಕರಕೊಂಡು ಹೋಗ್ರಿ. ಇಲ್ಲಂದ್ರ ನಾನು ಬರ್ತೇನಿ. ನಾನು ಬಂದರ ನಿಮಗ ಸರಿಯಾಗಂಗಿಲ್ಲ.

'ನಿಮ್ಮವನು' ಅಂತ ಈ ಸಲ ಬರೆಯಲಾರದ
ಚಂದ್ರಾಮಪ್ಪ


ಹಿರೋಳ್ಳಿ
ತಾ. 19-9-1938, ದೀಪ ಹಚ್ಚಿದ ಮೇಲೆ

ಶ್ರೀಯುತ ಚಂದ್ರಾಮಪ್ಪನವರಿಗೆ ದೌಲತರಾಯನ ಶರಣಾರ್ಥಿ.

ನಿಮ್ಮ ಕಾಗದ ಮುಟ್ಟಿತು. ನಿಮ್ಮ ಮಾಸ್ತರರು ನಿಮ್ಮಿಂದ ಏನು ಕಲಿತರೋ, ಅಕ್ಷರವನ್ನಂತೂ ನೀವು ಅವರಿಂದ ಕಲಿತಿಲ್ಲ.

ನಾನು ಹೊಲದಿಂದ ಬಂದು, ದೀಪ ಹಚ್ಚಿಸಿ, ಆಮೇಲೆ ಬರೆಯಲು ಕೂಡುವವನು. ದೀಪ ಹಚ್ಚಿದ ಮೇಲೆ ಆ ವಸ್ತುವಿನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಲಕ್ಷ್ಮಿ ಹೊಸ್ತಿಲು ದಾಟುತ್ತಾಳೆ. ನಮ್ಮ ತಂದೆ ಎತ್ತಲಿಲ್ಲ, ನಾನೂ ಎತ್ತುವವನಲ್ಲ. 'ಆ ವಸ್ತು' ಎಂದು ಬರೆದಲ್ಲೆಲ್ಲ ನೀವು ತಿಳಿದುಕೊಳ್ಳತಕ್ಕದ್ದು.

ನಾನು ಜಿಡಗಾ ಮಠಕ್ಕೆ ಹೋಗಿ ಪ್ರವಚನ ಕೇಳುವವನು. ಶಾಸ್ತ್ರದಲ್ಲಿ ಆ ವಸ್ತುವಿಗೆ ಅರ್ಥವಿದೆ. ಅದು ನಾಲಿಗೆಯ ಆಸೆ, ಅದು ಸಂಸಾರದ ರುಚಿ. ವ್ರತ ಹಿಡಿದವನು ಮೊದಲು ಬಿಡುವುದು ಅದನ್ನೇ. ಅದು ಬಿದ್ದ ಅಡಿಗೆ ಮುಸುರೆಯಾಗುತ್ತದೆ, ದೇವರ ಮುಂದೆ ಹೋಗುವುದಿಲ್ಲ. ವ್ರತದ ದಿನ ಸೈಂಧವಕ್ಕೆ ಮಾತ್ರ ಕ್ಷಮೆ ಉಂಟು, ಮಿಕ್ಕದ್ದೆಲ್ಲ ಹೊರಗೆ. ಇಷ್ಟು ತಿಳಿಯದ ಹುಡುಗಿ ಅಲ್ಲ ಅವಳು. ಹಿಂದಿನ ದಿನ ತವರಿಗೆ ಕಳಿಸಲೊಲ್ಲೆ ಎಂದಿದ್ದೆ. ಆ ಸಿಟ್ಟಿಗೆ ಬೇಕೆಂದೇ ಮಠದ ಪ್ರಸಾದದಲ್ಲಿ ಹಾಕಿದ್ದಾಳೆ. ಉಂಡ ಮನೆಗೆ ಹೀಗೆ ಮಾಡಿದವಳನ್ನು ನಮಕಹರಾಮಿ ಎನ್ನದೆ ಏನೆನ್ನಬೇಕು?

ಅವಳು ಬಂದು ಮಠದ ಅಂಗಳದಲ್ಲಿ ನಿಂತು, ಬೇಕೆಂದೇ ಮಾಡಿದೆ ಎಂದು ನಾಲ್ಕು ಜನರ ಮುಂದೆ ಹೇಳಿ ಹಣೆ ಹಚ್ಚಲಿ. ಆಗ ನೋಡೋಣ. ಇಲ್ಲವಾದರೆ ಸಂಕ್ರಾಂತಿ ಕಳೆದ ಮೇಲೆ ಶಿವರಾಯನಿಗೆ ಬೇರೆ ಹೆಣ್ಣು ತರುತ್ತೇವೆ.

ದೌಲತರಾಯ


ಜೇವರ್ಗಿ
ತಾ. 11-10-1938

ದೌಲತರಾಯರಿಗೆ,

ನಿಮ್ಮ ಕಾಗದವನ್ನು ಕಟ್ಟಿಮ್ಯಾಲೆ ಕೂತು ನಾಲ್ಕು ಮಂದಿಗೆ ಓದಿ ಹೇಳೀನಿ. ನಮ್ಮ ಓಣಿಯ ಲಾಡ್ಲೆಸಾಬ, ಅತ್ತರು ಮಾರಾವ, ಅವನೂ ಇದ್ದ. 'ಆ ವಸ್ತು, ಆ ವಸ್ತು' ಅಂತ ಬಂದಾಗೆಲ್ಲಾ ಅವ ಮುಂಡಾಸ ಬಾಯಿಗೆ ಒತ್ತಿಕೊಳ್ಳತಿದ್ದ. 'ನಮಕಹರಾಮಿ' ಬಂದ ಕೂಡಲೇ ಕಟ್ಟಿಯಿಂದ ಕೆಳಗ ಬಿದ್ದ. ನಮಕ ಅಂದ್ರ ಏನ್ರಿ ಬೀಗರೇ? ದೀಪ ಹಚ್ಚಿದ ಮ್ಯಾಲೆ ಉರ್ದುದಾಗ ಹೆಸರು ಎತ್ತಿದರ ಲಕ್ಷ್ಮಿಗೆ ತಿಳಿಯಂಗಿಲ್ಲೇನು? ಹೋಗಿ ಒಮ್ಮೆ ಹೊಸ್ತಿಲು ನೋಡಿ ಬರ್ರಿ, ಅದಾಳೋ ಹೋದಳೋ.

ಇನ್ನ ಸೈಂಧವನ ಮಾತು. ಬಯಲಾಟದಾಗ ಸೈಂಧವನ ಪಾತ್ರ ಕಟ್ಟಾವ ಈ ಮೂರು ತಾಲೂಕಿನಾಗ ನಾನೊಬ್ಬನೇ. ಚಕ್ರವ್ಯೂಹದ ಬಾಗಲದಾಗ ನಾನು ಗದೆ ಊರಿ ನಿಂತರ ಭೀಮನ ಪಾತ್ರದಾವ ಖರೇನೇ ಹಿಂದ ಸರಿಯತಾನ. ಅದನ್ನ ಮನಸಿನಾಗ ಇಟಕೊಂಡು 'ಸೈಂಧವಕ್ಕೆ ಮಾತ್ರ ಕ್ಷಮೆ, ಮಿಕ್ಕದ್ದೆಲ್ಲ ಹೊರಗೆ' ಅಂತ ಬರದೀರಿ. ಅಂದ್ರ ನನಗ ಕ್ಷಮೆ, ನನ್ನ ಹುಡುಗಿ ಹೊರಗ! ನಿಮ್ಮ ಕ್ಷಮೆಯನ್ನ ನಿಮ್ಮ ದನದ ಗ್ವಾದ್ಲಿಗೆ ಹಾಕ್ರಿ. ಹುಗ್ಗಿಯನ್ನ ಒಲ್ಲೆ ಅಂದ ದನ ಅದನ್ನೂ ಒಲ್ಲೆ ಅಂತಾವ.

ಶಾಸ್ತ್ರ ನಿಮಗಷ್ಟೇ ಬರ್ತದಂತ ತಿಳೀಬ್ಯಾಡ್ರಿ. ಪುರಾಣ ಹಚ್ಚಿದಾಗ ಕಂಬಕ್ಕ ಆತು ಕೂತು ಕೇಳಿದಾವ ನಾನೂ ಹೌದು. ಒಬ್ಬ ತಂದಿ ತನ್ನ ಮಗನ ಕೈಯಾಗ ಉಪ್ಪಿನ ಹರಳು ಕೊಟ್ಟ. ನೀರಾಗ ಹಾಕಿಡು, ಮುಂಜಾನೆ ತಗೊಂಡು ಬಾ ಅಂದ. ಮುಂಜಾನೆ ಹುಡುಗ ಕೈ ಹಾಕಿ ಹುಡುಕತಾನ, ಹರಳಿಲ್ಲ. ಮ್ಯಾಲಿಂದು ಕುಡಿದು ನೋಡು ಅಂದ, ಉಪ್ಪು. ನಡುವಿಂದು ಕುಡಿ ಅಂದ, ಉಪ್ಪು. ತಳದ್ದು ಕುಡಿ, ಉಪ್ಪು. ಕಾಣಂಗಿಲ್ಲ ಮಗನ, ಆದ್ರ ಅದ, ದೇವರೂ ಹಂಗ ಅಂದ ತಂದಿ. ಶಾಸ್ತ್ರದಾಗ ದೇವರನ್ನ ತೋರಸಾಕ ಬೆಲ್ಲ ತಗೊಂಡಿಲ್ಲ, ತುಪ್ಪ ತಗೊಂಡಿಲ್ಲ, ಉಪ್ಪು ತಗೊಂಡಾರ. ಅದು ನಿಮ್ಮ ಹುಗ್ಗ್ಯಾಗ ಬಿದ್ದರ ದೇವರು ಎದ್ದು ಓಡತಾನೇನು?

ಇನ್ನೂ ಒಂದು ಕೇಳ್ರಿ. ಎರಡು ವರ್ಷದಿಂದ ಗೌರಾಬಾಯಿ ನಿಮ್ಮ ಮನಿಯಾಗ ಕರಗ್ಯಾಳ. ಬೀಸುಕಲ್ಲಿನಾಗ ಅದಾಳ, ಕೊಟಗಿಯಾಗ ಅದಾಳ, ನಿಮ್ಮ ಹೆಂಡತಿ ನಿಂಬೆವ್ವನ ಮೊಣಕಾಲಿಗೆ ಹಚ್ಚೋ ಎಣ್ಣ್ಯಾಗ ಅದಾಳ. ಕಣ್ಣಿಗೆ ಕಾಣಂಗಿಲ್ಲ ಅಷ್ಟೇ. ಕರಗಿದ ಉಪ್ಪನ್ನ ನೀರಿನಿಂದ ಹೊರಗ ತಗದು, ಗಂಟು ಕಟ್ಟಿ ತವರಿಗೆ ಕಳಿಸೋದು ಯಾವ ಶಾಸ್ತ್ರದಾಗ ಅದ? ಹಾಳಿ ಹೇಳ್ರಿ, ನಾನೂ ಓದತೇನಿ.

ಮಠದ ಅಂಗಳದಾಗ ನಮ್ಮ ಹುಡುಗಿ ನಿಂದ್ರಂಗಿಲ್ಲ.

ಚಂದ್ರಾಮಪ್ಪ (ಸೈಂಧವ)


ಹಿರೋಳ್ಳಿ
ತಾ. 6-11-1938, ದೀಪ ಹಚ್ಚಿದ ಮೇಲೆ

ಚಂದ್ರಾಮಪ್ಪನವರಿಗೆ,

ಸೈಂಧವ ಎಂದರೆ ಸಿಂಧೂ ದೇಶದ ಗಣಿಯಿಂದ ಬರುವ ಆ ವಸ್ತು. ಕಲ್ಲಿನ ಹಾಗಿರುತ್ತದೆ, ಉಪವಾಸಕ್ಕೆ ನಡೆಯುತ್ತದೆ. ಶೆಟ್ಟರ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಮೀಸೆ ಇರುವುದಿಲ್ಲ, ಅದು ಗದೆ ಹಿಡಿಯುವುದಿಲ್ಲ. ನಿಮ್ಮ ಹೆಸರೆತ್ತಿ ಕ್ಷಮೆ ಕೊಡುವಷ್ಟು ಬಿಡುವು ನನಗಿಲ್ಲ.

ನಿಮ್ಮ ದೃಷ್ಟಾಂತ ಕೇಳಿದೆ. ಅರ್ಧ ಕೇಳಿ ನಿದ್ದೆ ಹೋದಿರೆಂದು ಕಾಣುತ್ತದೆ, ಕಂಬಕ್ಕೆ ಆತು ಕೂತರೆ ಹಾಗೇ ಆಗುವುದು. ಕರಗಿದ್ದು ತಿರುಗಿ ಬರುವುದಿಲ್ಲವೆಂದು ಯಾರು ಹೇಳಿದರು? ನೀರು ಕಾಸಿರಿ. ನೀರು ಹೋಗುತ್ತದೆ, ಅದು ತಳಕ್ಕೆ ಉಳಿಯುತ್ತದೆ. ಬಳಿದು ಕಟ್ಟಿ ಎಲ್ಲಿಂದ ಬಂತೋ ಅಲ್ಲಿಗೆ ಕಳಿಸಬಹುದು. ನಾನು ಮಾಡಿದ್ದು ಅದನ್ನೇ.

ಕರಜಗಿಯಲ್ಲಿ ಹೆಣ್ಣು ನೋಡಿದ್ದೇವೆ. ನೀರಾವರಿ ಕಬ್ಬಿನ ಮನೆತನ. ಸಂಕ್ರಾಂತಿಯೇ ಗಡುವು.

ದೌಲತರಾಯ


ಜೇವರ್ಗಿ
ತಾ. 28-11-1938

ದೌಲತರಾಯರಿಗೆ,

ಸೈಂಧವ ಅಂದ್ರ ಕಲ್ಲುಪ್ಪು ಅನ್ನೋದು ನನಗ ಮೊದಲೇ ಗೊತ್ತಿತ್ತು. ನಿಮಗ ಗೊತ್ತದೋ ಇಲ್ಲೋ ಅಂತ ನೋಡಿದೆ. ಪಾಸಾದಿರಿ.

ಆದ್ರ ಈ ಸಲ ನಾನು ಬರೆಯೋದು ಸೈಂಧವನ ಮಾತಲ್ಲ. ಮೀಸಿ ತಿರುವಲಾರದೆ ಬರೀತೇನಿ, ನೆಟ್ಟಗ ಕೂತು ಓದ್ರಿ.

ನಿಮ್ಮ ಕಾಗದವನ್ನು ಅಡಿಗಿಮನಿಯ ಬಾಗಲದಾಗ ನಿಂತು ಗಟ್ಟಿಯಾಗಿ ಓದಾಕತ್ತಿದ್ದೆ. ಗೌರಾಬಾಯಿ ಒಳಗ ರೊಟ್ಟಿ ಬಡಿಯಾಕತ್ತಿದ್ದಳು. ನೀರು ಕಾಸಿದರ ಅದು ತಿರುಗಿ ಬರತದ ಅನ್ನೋ ಸಾಲನ್ನ ಎರಡು ಸಲ ಓದಿದೆ. ಇದು ನನ್ನ ಜೀವಮಾನದಾಗ ಆದದ್ದಲ್ಲ. ರೊಟ್ಟಿ ಬಡಿಯೋ ಸಪ್ಪಳ ನಿಂತಿತು.

"ಮಾವ ಅಂದದ್ದು ಖರೇನೇ ಅದ ಕಾಕಾ," ಅಂದಳು. "ಕಾಸಿದ್ರ ತಿರುಗಿ ಬರ್ತದ. ಬೆಂಕಿ ಹಚ್ಚಿದಾವರು ಯಾರಂತ ಕೇಳು."

ಆಮ್ಯಾಲೆ ಎಲ್ಲಾ ಹೇಳಿದಳು. ನಿಮಗ ಗೊತ್ತಿಲ್ಲದ್ದು ಇದರಾಗ ಏನೂ ಇಲ್ಲ, ಆದರೂ ಬರೀತೇನಿ. ನಿಮ್ಮ ನಿಂಬೆವ್ವ ಅಕ್ಕಲಕೋಟಿ ಕಡೆಯಾಕಿ. ಅಲ್ಲಿ ಮರಾಠಿಯಾಗ ಉಪ್ಪಿಗೆ ಮೀಠ ಅಂತಾರ. ದೀಪ ಹಚ್ಚಿದ ಮ್ಯಾಲೆ ಉಪ್ಪಿನ ಹೆಸರು ಎತ್ತಬಾರದಂತ ನಿಮ್ಮ ಮನಿಯಾಗೆಲ್ಲಾ ಮೀಠ ಅಂತೀರಿ. ನಮ್ಮ ಜೇವರ್ಗಿ ಓಣ್ಯಾಗ ಲಾಡ್ಲೆಸಾಬನ ಮಂದಿಯ ಜೋಡಿ ಬೆಳೆದ ಹುಡುಗಿಗೆ ಮೀಠಾ ಅಂದ್ರ ಸಿಹಿ. ಲಗ್ನ ಆಗಿ ಬಂದ ಹೊಸದರಾಗ ಒಂದು ಸಂಜಿ ಅತ್ತಿ, ಬ್ಯಾಳಿಗೆ ಮೀಠ ಹಾಕು ಅಂದಳು. ಹುಡುಗಿ ಬೆಲ್ಲ ಹಾಕಿದಳು. ಅವತ್ತು ತಾಟು ಯಾರು ಒಗೆದರು? ನೀವು. "ನಮ್ಮ ಮನಿಗೆ ಬಂದ ಮ್ಯಾಲೆ ನಿಮ್ಮೂರ ಮಾತು ಬಿಡು. ಈ ಮನಿಯಾಗ ಮೀಠ ಅಂದ್ರ ಒಂದೇ, ತಿಳೀತಿಲ್ಲೋ" ಅಂತ ಯಾರು ಅಂದರು? ನೀವು. ಹುಡುಗಿ ತಿಳಕೊಂಡಳು. ಎರಡು ವರ್ಷ ಒಮ್ಮೆಯೂ ತಪ್ಪಲಿಲ್ಲ.

ಇನ್ನ ಶ್ರಾವಣದ ಸೋಮವಾರ. ದೀಪ ಹಚ್ಚ್ಯಾದ, ಪಂಕ್ತಿ ಕೂತದ. ಗಿರದಾವರ ಸಾಹೇಬರು ಹುಗ್ಗಿ ತಿಂದು, ಇನ್ನೊಂದಿಷ್ಟು ಮೀಠಾ ಇದ್ದರ ನಡೀತಿತ್ತು ಅಂದರು. ಅವರು ಅಂದದ್ದು ಬೆಲ್ಲ. ನೀವು ಸಾಹೇಬರ ಮುಂದ ನಿಮ್ಮ ಉರ್ದು ತೋರಸಬೇಕಲ್ಲ, ಅಡಿಗಿಮನಿ ಕಡೆ ಮಾರಿ ಮಾಡಿ ಒದರಿದಿರಿ: "ಮೀಠಾ ಡಾಲೋ, ದೋ ಮುಟ್ಠಿ!" ಎರಡು ಮುಟಗಿ ಹಾಕು ಅಂತ.

ಹುಡುಗಿ ಒಳಗ ಎರಡೂ ಡಬ್ಬಿ ಮುಂದ ಇಟಗೊಂಡು ನಿಂತಳಂತ. ಒಂದು ಕೈ ಬೆಲ್ಲದ ಮ್ಯಾಲೆ, ಒಂದು ಕೈ ಉಪ್ಪಿನ ಮ್ಯಾಲೆ. ಹುಗ್ಗಿಗೆ ಬೇಕಾದದ್ದು ಬೆಲ್ಲ ಅನ್ನೋದು ಅಕಿಗೆ ತಿಳಿದಿತ್ತು. ಹೊರಗ ಬಂದು ಪಂಕ್ತಿಯ ಮುಂದ ಮಾವನನ್ನ ತಿರುಗಿ ಕೇಳೋ ಹಂಗಿಲ್ಲ. "ಕಾಕಾ, ಹೋದ ಸಲ ನನ್ನ ಬುದ್ಧಿ ಕೇಳಿ ತಾಟು ಒಗಿಸಿಕೊಂಡೆ. ಈ ಸಲ ಮನಿ ಮಾತು ಕೇಳಿದೆ," ಅಂದಳು. ಮನಿ ಮಾತು ಕೇಳಿದ್ದಕ್ಕ ಮನಿ ಬಿಟ್ಟಳು.

ನನ್ನ ಮಾತು ನಂಬಬ್ಯಾಡ್ರಿ. ಹೋದ ವಾರ ಸಲಾವುದ್ದೀನ ಸಾಹೇಬರು ಜೇವರ್ಗಿ ಕಚೇರಿಗೆ ಬಂದಿದ್ದರು. ನಾನೂ ಲಾಡ್ಲೆಸಾಬನೂ ಹೋಗಿ ಕೇಳಿದೆವು. ನೀವು ಒದರಿದ್ದು ಅವರಿಗೆ ಚೊಲೋ ನೆನಪದ. ನಿಮ್ಮ ಉರ್ದುವನ್ನ ಅಷ್ಟು ಸುಲಭ ಮರಿಯಾಕ ಆಗಂಗಿಲ್ಲ ಅಂದರು.

ಸಂಕ್ರಾಂತಿಗಿಂತ ಮೊದಲೇ, ಬನದ ಹುಣ್ಣಿಮಿಗೆ ಕರಜಗಿಯಾಗ ನಮ್ಮ ಬಯಲಾಟ ಅದ. ಹೌದು, ನೀವು ಹೆಣ್ಣು ನೋಡಿದ ಅದೇ ಕರಜಗಿ. ಸೈಂಧವ ನಾನೇ. ಯುದ್ಧಕ್ಕ ಹೋಗೂಕಿಂತ ಮೊದಲು ಸೈಂಧವ ಊಟಕ್ಕ ಕೂಡತಾನ, ಸಾರಥಿ ಹುಗ್ಗಿ ಬಡಸತಾನ, ಸೈಂಧವ "ಮೀಠಾ ಡಾಲೋ" ಅಂತಾನ ಅಂತ ಒಂದು ಹೊಸಾ ಸಂದರ್ಭ ಕಟ್ಟೀನಿ. ತಾಲೀಮಿನಾಗೇ ಮಂದಿ ಹೊಟ್ಟಿ ಹಿಡಕೊಂಡು ನಗಾಕತ್ಯಾರ. ಕಬ್ಬಿನ ಮನೆತನದವರು ಮುಂದಿನ ಸಾಲಿನಾಗ ಕೂಡತಾರಂತ.

ಚಂದ್ರಾಮಪ್ಪ


ಹಿರೋಳ್ಳಿ
ತಾ. 14-12-1938, ದೀಪ ಹಚ್ಚಿದ ಮೇಲೆ

ಚಂದ್ರಾಮಪ್ಪನವರಿಗೆ,

ನೀವು ಊರ ಮುಂದೆ ನನ್ನನ್ನು ಕುಣಿಸುತ್ತೇನೆಂದು ಹೆದರಿಸಿದರೆ ಹೆದರುವವನು ನಾನಲ್ಲ. ಹುಗ್ಗಿ ಎಂದ ಮೇಲೆ ಮೀಠಾ ಎಂದರೆ ಯಾವುದು ಎಂದು ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕೆ? ನನ್ನ ಬಾಯಲ್ಲಿ ಬಂದದ್ದು ಸರಿಯಾಗಿಯೇ ಬಂದಿದೆ.

ನಿಮ್ಮ ಕಾಗದವನ್ನು ಶಿವರಾಯ ಗಟ್ಟಿಯಾಗಿ ಓದಿದ. ಓದಬೇಡ ಎಂದಿದ್ದೆ. ನಿಂಬೆವ್ವ ಒಳಗಿಂದ ಎಲ್ಲ ಕೇಳಿಸಿಕೊಂಡಳು. ಅವತ್ತಿನಿಂದ ಸಂಜೆ ಊಟಕ್ಕೆ ಕೂತು ಮೀಠ ಎಂದರೆ ತಾಟಿಗೆ ಬೆಲ್ಲದ ಹೆಂಟೆ ಇಡುತ್ತಾಳೆ. ಬೆಲ್ಲ ಎಂದರೆ ಆ ವಸ್ತು ಇಡುತ್ತಾಳೆ. ಕಣ್ಣು ತೆಗೆದು ನೋಡಿದರೆ, "ನನಗೇನು ತಿಳೀತದರಿ, ನೀವು ಅಂದದ್ದು ಹಾಕೀನಿ" ಎನ್ನುತ್ತಾಳೆ. ಶಿವರಾಯ ಅವಳ ಪಕ್ಕ ಕೂತು ಬರಿಯ ಮೊಸರನ್ನ ಉಣ್ಣುತ್ತಾನೆ, ಕರಜಗಿಯ ಮಾತೆತ್ತಿದರೆ ಎದ್ದು ಹೋಗುತ್ತಾನೆ. ಮನೆಯಲ್ಲಿ ಈ ಬೆಂಕಿ ಹಚ್ಚಿದವರು ನೀವು.

ಮಠದ ಅಂಗಳದ ಮಾತು ಬಿಟ್ಟಿದ್ದೇನೆ. ಹುಡುಗಿಯನ್ನು ಕಳಿಸುವುದಿದ್ದರೆ ಕಳಿಸಿ.

ದೌಲತರಾಯ


ಜೇವರ್ಗಿ
ತಾ. 24-12-1938

ಹಿರೋಳ್ಳಿಯ ಮಾವನವರಿಗೆ ಗೌರಾಬಾಯಿ ಮಾಡುವ ಶರಣು.

ಕಾಕಾ ಬರೀತಾನ, ನಾನು ಹೇಳತೇನಿ. ನಾನು ಹೇಳಿದ್ದಷ್ಟೇ ಬರಿ ಅಂತ ಆಣಿ ಹಾಕಿಸಿಕೊಂಡೀನಿ. (ಹಾಕಿಸಿಕೊಂಡಾಳ. ಕೈ ಕಟ್ಟಿದಂಗ ಆಗ್ಯಾದ. ಚಂದ್ರಾಮಪ್ಪ)

ಅತ್ತಿಯವರ ಮೊಣಕಾಲು ಹೆಂಗವ? ಥಂಡಿಗೆ ಎಳ್ಳೆಣ್ಣಿ ಕಾಸಿ ಹಚ್ಚಬೇಕು, ಹಸೀದು ಹಚ್ಚಬಾರದು.

ಕಳಿಸುವುದಿದ್ದರ ಕಳಿಸಿ ಅಂತ ಬರದೀರಿ. ನಾನು ಗಂಟಲ್ಲ, ಕಳಿಸಾಕ. ನಿಮ್ಮ ಮಗ ನನ್ನ ಅಗಸಿ ಮುಂದ ಇಳಿಸಿ ಹೋದರು, ಅವರೇ ಬಂದು ಮನಿಯೊಳಗ ಕಾಲಿಟ್ಟು ನೀರು ಕುಡಿದು ಕರಕೊಂಡು ಹೋಗಲಿ.

ಬೇಕಂತ ಮಾಡಿದೆ ಅಂದಿರಿ. ಅದಕ್ಕ ನಾನು ಏನೂ ಅನ್ನಂಗಿಲ್ಲ. ನಮಕಹರಾಮಿ ಅಂದಿರಿ. ಅದನ್ನ ಕಾಕಾ ಕಟ್ಟಿಮ್ಯಾಲೆ ಓದಿ ನಕ್ಕ, ಮಂದಿ ನಕ್ಕರು. ನನಗ ನಗು ಬರಲಿಲ್ಲ. (ಇದು ನನಗ ಗೊತ್ತಿರಲಿಲ್ಲ. ಚಂ.)

ತಿರುಗಿ ಬರಾಕ ನನ್ನದು ಇನ್ನೊಂದೇ ಮಾತದ. ಇನ್ನ ಮುಂದ ಆ ಮನಿಯಾಗ ಉಪ್ಪಿಗೆ ಉಪ್ಪು ಅನ್ನಬೇಕು. ಹಗಲೂ ಉಪ್ಪು, ದೀಪ ಹಚ್ಚಿದ ಮ್ಯಾಲೂ ಉಪ್ಪು. ಮರಾಠಿ ಮೀಠ ಬ್ಯಾಡ, ಉರ್ದು ಮೀಠಾ ಬ್ಯಾಡ, ಆ ವಸ್ತು ಬ್ಯಾಡ. ಹೆಸರು ಎತ್ತಿದರ ಲಕ್ಷ್ಮಿ ಹೋಗತಾಳಂತ ನೀವು ಹೆದರತೀರಿ. ಹೆಸರು ಎತ್ತಲಾರದ್ದಕ್ಕ ನಾನು ಹೋಗಬೇಕಾತು. ಮನಿಯಾಗ ಬೇಕಾದ್ದು ಒಂದು, ಬಾಯಾಗ ಬರೋದೊಂದು ಆದರ ಒಳಗ ನಿಂತಾಕಿ ಯಾವ ಡಬ್ಬಿಗೆ ಕೈ ಹಾಕಬೇಕು?

ನೀವು ಒಮ್ಮೆ ಅನ್ರಿ. ಬಾಯಿಲೇ ಅಂದದ್ದು ನನಗ ಕೇಳಸಂಗಿಲ್ಲ, ಬರದು ಕಳಿಸ್ರಿ.

ಗೌರಾಬಾಯಿ
(ಕಾಕಾನ ಟಿಪ್ಪಣಿ: ಬರೀಲಿಲ್ಲಂದ್ರ ಹುಣ್ಣಿಮಿಗೆ ನನ್ನ ಆಟ ಅದ. ಆಣಿ ಮಾತು ಇಲ್ಲಿಗೆ ಮುಗೀತು, ಇದು ನನ್ನ ಸ್ವಂತದ್ದು.)


ಹಿರೋಳ್ಳಿ
ತಾ. 2-1-1939, ದೀಪ ಹಚ್ಚಿದ ಮೇಲೆ

ಚಂದ್ರಾಮಪ್ಪನವರೇ, ಈ ಕಾಗದ ನಿಮಗಲ್ಲ. ಓದಿ ಹೇಳುವುದಷ್ಟೇ ನಿಮ್ಮ ಕೆಲಸ. ಕರಜಗಿಯವರಿಗೆ ಇಲ್ಲ ಎಂದು ಹೇಳಿ ಕಳಿಸಿದ್ದೇನೆ. ಆದರೂ ಆಟಕ್ಕೆ ಬರುವವನಿದ್ದೇನೆ. ಅರ್ಜುನ ಸೈಂಧವನ ತಲೆ ಹಾರಿಸುವುದನ್ನು ಮುಂದಿನ ಸಾಲಿನಲ್ಲಿ ಕೂತು ನೋಡಬೇಕಾಗಿದೆ. ಊಟದ ಸಂದರ್ಭ ಇಲ್ಲದೆಯೂ ಆಟ ಚೆನ್ನಾಗಿಯೇ ಇರುತ್ತದೆ.

ಗೌರಾಬಾಯಿಗೆ,

ಈ ಕಾಗದ ತಗೊಂಡು ಶಿವರಾಯ ನಾಳೆ ಬಂಡಿ ಹೂಡತಾನ. ಒಳಗ ಬಂದು ನೀರು ಕುಡೀತಾನ. ಕೊಡದಿದ್ದರೂ ಕೇಳಿ ಕುಡಿ ಅಂದೀನಿ.

ನಿಮ್ಮತ್ತಿ ಮೊಣಕಾಲಿಗೆ ಎಣ್ಣಿ ಹಸೀದೇ ಹಚ್ಚಾಕತ್ತಾಳ. ನಾ ಹೇಳಿದರ ಕೇಳಂಗಿಲ್ಲ.

ಮನಿಯಾಗ ಉಪ್ಪು ತೀರ್ಯಾದ. ತರಸು ಅಂದರ, ಗೌರಾ ಬಂದ ಮ್ಯಾಲೆ ನೋಡೋಣ ಅಂತಾಳ. ಬರುವಾಗ ಜೇವರ್ಗಿ ಸಂತ್ಯಾಗ ಒಂದು ಚೀಲ ಉಪ್ಪು ತಗೊಂಡು ಬಾ. ಉಪ್ಪಿನ ಚೀಲವನ್ನ ನಿಮ್ಮ ಕಾಕಾ ಬಂಡಿಗೆ ಏರಸಾಕ ಬಂದರ, ಅವರ ಕೈಯಿಂದ ನಿನ್ನ ಕೈಗೆ ತಗೋಬ್ಯಾಡ. ಕೈಯಿಂದ ಕೈಗೆ ಉಪ್ಪು ಕೊಟ್ಟರ ಜಗಳ ಆಗತದ. ಮೊದಲು ನೆಲಕ್ಕ ಇಡಸು, ಆಮ್ಯಾಲೆ ತಗೋ. ಅವರ ಜೋಡಿ ಜಗಳಾಡಾಕ ನಾನೊಬ್ಬ ಸಾಕು.

ದೌಲತರಾಯ